ಯಾರೂ ಕಾಣದ ಲೋಕಕ್ಕೆ ಬಣ್ಣ

ವಿಜ್ಞಾನ ಸಂಗ್ರಹಾಲಯದ ಹಿಂದಿನ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಗ್ರಹಗಳ ಗೋಳ ಮಾಡಿ ಬಣ್ಣ ಬಳಿಯುತ್ತಿದ್ದವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಕೋಪ ಮೂಗಿನ ತುದಿಯಲ್ಲಿ. ಕೆಲಸ ಮಾತ್ರ ಅಚ್ಚುಕಟ್ಟು. ಆದರೆ ಈಚೆಗೆ ನಿರ್ದೇಶಕರು ಬಣ್ಣ ಮುದ್ರಿಸುವ ಯಂತ್ರದ ಕ್ಯಾಟಲಾಗ್ ಹಿಡಿದು ಓಡಾಡುತ್ತಿದ್ದರು. "ಇನ್ನೊಂದು ತಪ್ಪಾದ್ರೆ ಈ ಕೆಲಸ ಯಂತ್ರಕ್ಕೇ ಕೊಡ್ತೀನಿ, ನೋಡಿ" ಎಂದು ಎಚ್ಚರಿಸಿದ್ದೂ ಆಗಿತ್ತು.

ತಪ್ಪು ಆಗಿಯೇ ಹೋಯಿತು! ಶೆಡ್ಡಿಗೆ ಬರುವ ಚೀಟಿಯಲ್ಲಿ ಅಳತೆಯನ್ನಷ್ಟೇ ಬರೆಯುವುದು ವಾಡಿಕೆ. ಯಾವುದೋ ದೂರದ ನಕ್ಷತ್ರದ ಹೊಸ ಗ್ರಹಕ್ಕೆ 'ಭೂಮಿಯಷ್ಟೇ ಗಾತ್ರ' ಎಂದಿತ್ತು. ಅಕ್ಕ ಭೂಮಿಯ ಅಚ್ಚನ್ನೇ ಇಳಿಸಿ, ಗೋಳ ಎರಕ ಹೊಯ್ದು, ನೀಲಿ ಕಡಲು, ಹಸಿರು ಕಾಡು, ಮೇಲೆರಡು ಮೋಡ ಬಳಿದಿಟ್ಟಳು. ಉದ್ಘಾಟನೆಯ ದಿನ ಬೆಳಗ್ಗೆ ಬಂದ ವಿಜ್ಞಾನಿ, ಆ ಗ್ರಹವನ್ನು ಪತ್ತೆ ಹಚ್ಚಿದವರೇ, ಗೋಳ ನೋಡಿ ತಲೆ ಮೇಲೆ ಕೈ ಹೊತ್ತರು.

"ಅಕ್ಕಾ, ಇದು ನಕ್ಷತ್ರಕ್ಕೆ ಅಂಟಿಕೊಂಡ ಹಾಗೆ ಸುತ್ತುತ್ತೆ. ಎಂಟೇ ಗಂಟೆಯಲ್ಲಿ ಅದರ ಒಂದು ವರ್ಷ ಮುಗೀತು! ಅಲ್ಲಿ ಕಲ್ಲೇ ಕರಗುತ್ತೆ, ಕಡಲೆಲ್ಲಿಂದ ಬರ್ಬೇಕು?"

"ಹಾಗಾದ್ರೆ ಯಾವ ಬಣ್ಣ, ಹೇಳಿ."

"ಅದು ಗೊತ್ತಿಲ್ಲ. ಇದು ಅಡ್ಡ ಬಂದಾಗ ನಕ್ಷತ್ರದ ಬೆಳಕು ಚೂರು ಕಮ್ಮಿಯಾಗುತ್ತೆ, ನಾವು ಕಂಡಿರೋದು ಅಷ್ಟೇ. ಒಂದು ಮುಖ ಸದಾ ಬೆಂಕಿ ಕಡೆಗಿರಬೇಕು, ಇನ್ನೊಂದು ಕತ್ತಲಿಗೆ."

"ಅಯ್ಯೋ ದೇವರೇ! ನೀವೇ ನೋಡಿಲ್ವಾ? ಮತ್ತೆ ನನ್ನ ಬೈಯೋಕೆ ಬಂದ್ರಾ!"

ಬಾಯಿ ಜೋರಾದರೂ ಅಕ್ಕನಿಗೆ ನಿರ್ದೇಶಕರ ಯಂತ್ರದ ಮಾತು ನೆನಪಾಯಿತು. ಈ ಕೆಲಸ ಹೋದರೆ ತಾನು ಯಾರು ಎಂಬ ಭಯ ಅವಳಿಗೆ. ಊಟಕ್ಕೆಂದು ಹಿಂದಿನ ಬೀದಿಯ ಮನೆಗೆ ಹೋದರೆ, ಗಂಡ ಕಬ್ಬಿಣದ ಬಾಣಲೆಯನ್ನು ಉರಿಯ ಮೇಲಿಟ್ಟು ಪೇಪರ್ ಓದುತ್ತ ಮೈಮರೆತಿದ್ದ. ಬಾಣಲೆಯ ನಡು ಕೆಂಡದ ಕೆಂಪು, ಅಂಚು ಮಸಿಯ ಕಪ್ಪು, ಎರಡೂ ಸೇರುವಲ್ಲಿ ಬೂದು ಬಣ್ಣದ ಬಿರುಕು. ಬೈಗುಳ ಅಕ್ಕನ ನಾಲಗೆಯ ತನಕ ಬಂದು ಅಲ್ಲೇ ನಿಂತಿತು.

"ಇಳಿಸಬೇಡಿ, ಹಾಗೇ ಇರ್ಲಿ!" ಎಂದು ಕಣ್ಣರಳಿಸಿ ನೋಡಿದಳು. ಮದುವೆಯಾದ ಮೇಲೆ ಅಡುಗೆಮನೆಯಲ್ಲಿ ಆ ಮನುಷ್ಯ ಬೈಸಿಕೊಳ್ಳದೆ ಪಾರಾದದ್ದು ಅದೊಂದೇ ಸಲ.

ಊಟ ಬಿಟ್ಟು ಶೆಡ್ಡಿಗೆ ಓಡಿದಳು. ಖಂಡಗಳನ್ನೆಲ್ಲ ಉಜ್ಜಿ ಅಳಿಸಿ, ಬಾಣಲೆಯಲ್ಲಿ ಕಂಡದ್ದನ್ನು ಹಾಗೇ ಗೋಳಕ್ಕೆ ಹಚ್ಚಿದಳು.

ಸಂಜೆ ನಿರ್ದೇಶಕರು ಪರದೆ ಸರಿಸಿ, "ಈಗ ಸರಿ ಇದೆಯಾ?" ಎಂದರು. ವಿಜ್ಞಾನಿ ಹತ್ತಿರ ಹೋಗಿ ಗೋಳದ ಮೇಲೆ ಅಂಗೈ ಇಟ್ಟರು.

"ಸರಿಯೋ ತಪ್ಪೋ ಗೊತ್ತಿಲ್ಲ ಸಾರ್. ಹನ್ನೊಂದು ವರ್ಷದಿಂದ ಇದರ ಹಿಂದೆ ಬಿದ್ದಿದ್ದೀನಿ. ಇದರ ಮುಖ ನೋಡಿದ್ದು ಮಾತ್ರ ಇವತ್ತೇ."

ನಿರ್ದೇಶಕರು ಕ್ಯಾಟಲಾಗನ್ನು ಮಡಚಿ ಜೇಬಿಗಿಟ್ಟು, "ಮುಂದಿನ ಗ್ರಹಾನೂ ನೀವೇ ಮಾಡಿ ಅಕ್ಕಾ" ಎಂದರು.

ಅಕ್ಕನಿಗೆ ಅಳು ಬಂತು. ಅಳುತ್ತಲೇ ವಿಜ್ಞಾನಿಯನ್ನು ಗದರಿದಳು: "ಕೈ ತೆಗೀರಿ ಸ್ವಾಮಿ, ಬಣ್ಣ ಇನ್ನೂ ಹಸಿ! ಹನ್ನೊಂದು ವರ್ಷ ದೂರದಿಂದ ನೋಡಿದೋರಿಗೆ ಇನ್ನೊಂದು ಗಂಟೆ ನೋಡೋಕಾಗಲ್ವಾ?"