ಚಂದ್ರಕ್ಕ ನಿಂತುಬಿಟ್ಟ ಚಿತ್ರ

ಮಲೆನಾಡಿನ ಹೆತ್ತೂರಿಗೆ ಬಂದ ಮೊದಲ ಮಳೆಗಾಲದಲ್ಲಿ ನನ್ನ ಗೋಡೆಯ ಮೇಲಿದ್ದ ರಾಣಿಗೆ ಗಡ್ಡ ಬಂತು. ಕೋಲ್ಕತ್ತದ ಮ್ಯೂಸಿಯಮ್ಮಿನಲ್ಲಿ ಕೊಂಡಿದ್ದ ಚಿತ್ರದ ಕಾರ್ಡು ಅದು. ಬೆಳಿಗ್ಗೆ ನೋಡಿದರೆ ಗಲ್ಲದ ತುಂಬ ಬಿಳಿ ಬೂಷ್ಟು. ಪಕ್ಕದ ಕಾರ್ಡಿನ ಕುದುರೆಯನ್ನೂ ಅದು ಬಿಟ್ಟಿರಲಿಲ್ಲ. ನಮ್ಮ ವಿಜಯಪುರದಲ್ಲಿ ಬಟ್ಟೆ ಒಣಹಾಕಿ ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಗರಿಗರಿಯಾಗಿರುತ್ತದೆ. ಇಲ್ಲಿ ಗೋಡೆಯೇ ಬೆವರುತ್ತದೆ. ನಾನು ಅತ್ತುಬಿಟ್ಟೆ.

ಇಲ್ಲಿನ ಆಸ್ಪತ್ರೆಗೆ ನರ್ಸಾಗಿ ಬಂದವಳು ನಾನು. ರಜೆ ಸಿಕ್ಕಾಗಲೆಲ್ಲ ಒಬ್ಬಳೇ ರೈಲು ಹತ್ತಿ ಯಾವುದಾದರೊಂದು ಊರಿನ ಚಿತ್ರಶಾಲೆ ನೋಡಿ ಬರುವುದು ಕಾಲೇಜಿನ ದಿನಗಳಿಂದ ಹತ್ತಿದ ಹುಚ್ಚು. ಯಾರೂ ಗೊತ್ತಿಲ್ಲದ ಊರಿನಲ್ಲೂ ಚಿತ್ರಗಳ ಮುಂದೆ ನಿಂತರೆ ಪರಕೀಯಳೆನಿಸುತ್ತಿರಲಿಲ್ಲ. ಹೆತ್ತೂರಿನಲ್ಲಿ ಮಾತ್ರ ಅಂಥ ಒಂದು ಬಾಗಿಲೂ ಇರಲಿಲ್ಲ.

ನನ್ನ ಅಳು ಕೇಳಿ ಪಕ್ಕದ ಮನೆಯ ಚಂದ್ರಕ್ಕ ಬಂದಳು. ಕಾಫಿ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವ ಹೆಂಗಸು.

"ಅಯ್ಯೋ ಸಿಸ್ಟ್ರೇ, ಪಟಕ್ಕೆಲ್ಲ ಅಳ್ತಾರಾ? ನಮ್ಮನೇಲಿ ಒಲೆ ಮ್ಯಾಲೆ ಅಟ್ಟ ಐತೆ. ಕೊಡಿ ಇಲ್ಲಿ."

ಬೂಷ್ಟು ಒರೆಸಿ, ಹೊಗೆಯಾಡುವ ಅಟ್ಟದಲ್ಲಿ ಮೆಣಸಿನಕಾಯಿ ಬುಟ್ಟಿಯ ಪಕ್ಕ ಎಲ್ಲವನ್ನೂ ಹರವಿದಳು. ಕಾರ್ಡುಗಳು ಉಳಿದವು. ಅವನ್ನು ನೋಡುವ ನೆಪದಲ್ಲಿ ನಾನು ಅವಳ ಒಲೆ ಮುಂದೆ ಕೂರುವುದು ರೂಢಿಯಾಯಿತು. ಖಡಕ್ ಜೋಳದ ರೊಟ್ಟಿಗೆ ಒಗ್ಗಿದ ನನ್ನ ಬಾಯಿ ಮೆತ್ತನೆಯ ಅಕ್ಕಿರೊಟ್ಟಿಗೆ ಒಗ್ಗಿತು. ಕಾಲಿಗೆ ಹತ್ತಿದ ಉಂಬಳವನ್ನು, ಎಂದರೆ ಜಿಗಣೆಯನ್ನು, ಕಿರುಚದೆ ಕಿತ್ತೆಸೆಯುವುದನ್ನೂ ಅವಳೇ ಕಲಿಸಿದಳು.

"ಇದನ್ನ ನೋಡಕ್ಕೆ ಅಷ್ಟು ದೂರ ಹೋಗ್ತೀರಾ?" ಎಂದಳು ಒಂದು ದಿನ. "ಹಂಗಾದ್ರೆ ಒಂದ್ಸಲ ನನ್ನೂ ಕರ್ಕಂಡೋಗಿ."

ಕೊಯ್ಲು ಮುಗಿದ ಮೇಲೆ ಸಕಲೇಶಪುರದಿಂದ ರೈಲು ಹತ್ತಿ ಇಬ್ಬರೂ ಬೆಂಗಳೂರಿಗೆ ಹೋದೆವು. ಒಂದೇ ದಿನದಲ್ಲಿ ಮ್ಯೂಸಿಯಮ್ಮಿನ ಯಾವ ಯಾವ ಕೋಣೆ ನೋಡಬೇಕೆಂದು ನಾನು ಚೀಟಿ ಬರೆದುಕೊಂಡಿದ್ದೆ. ಎರಡನೆಯ ಕೋಣೆಯಲ್ಲೇ ಚಂದ್ರಕ್ಕ ನಿಂತುಬಿಟ್ಟಳು. ಎದುರಿಗೆ, ಸೊಂಟದ ಮೇಲೆ ಕುಕ್ಕೆ ಹೊತ್ತ ಹೆಂಗಸಿನ ಹಳೆಯ ಚಿತ್ರ. ಬರೆದವರ ಹೆಸರೂ ಗೊತ್ತಿಲ್ಲದ ಚಿತ್ರ.

"ನಮ್ಮವ್ವ," ಎಂದಳು ಮೆಲ್ಲಗೆ. "ನಾನು ಸಣ್ಣೋಳಿದ್ದಾಗ್ಲೇ ಹೋಗ್ಬುಟ್ಳು. ಒಂದು ಫೋಟೋನೂ ಇಲ್ಲ ಸಿಸ್ಟ್ರೇ. ಮುಖ ಮರ್ತೇಹೋಗಿತ್ತು. ಇದೇ ಹಣೆ, ಇದೇ ಮೂಗು."

ನನ್ನ ಚೀಟಿ ಕೈಯಲ್ಲೇ ಉಳಿಯಿತು. ಅವಳು ನೆಲದ ಮೇಲೆ ಕೂತಳು, ನಾನೂ ಕೂತೆ. ಕಾವಲಿನವರು ಎಬ್ಬಿಸಲು ಬಂದವರು, ಅವಳ ಮುಖ ನೋಡಿ ಅತ್ತ ಸರಿದರು. ಬಹಳ ಹೊತ್ತಾದ ಮೇಲೆ ಚಂದ್ರಕ್ಕ ಮೂಗೊರೆಸಿಕೊಂಡು, "ಕೈ ಮಾತ್ರ ಸುಳ್ಳು ಕಣ್ರೀ," ಎಂದಳು. "ಕುಕ್ಕೆ ಹೊರೋಳ ಬೆಳ್ಳು ಹಿಂಗೆ ನಯವಾಗಿರ್ತದಾ? ಬರ್ದೋರು ಮುಖ ನೋಡವ್ರೆ, ಕೈ ನೋಡಿಲ್ಲ."

ನಾನು ಮತ್ತೆ ನೋಡಿದೆ. ಹೌದು, ಅದು ಕೆಲಸ ಮಾಡಿದ ಕೈಯಲ್ಲ. ಎಷ್ಟೋ ಊರುಗಳಲ್ಲಿ ಎಷ್ಟೋ ಚಿತ್ರಗಳ ಮುಂದೆ ತಲೆದೂಗಿದ್ದೆ. ಹೀಗೆ ಯಾವ ಚಿತ್ರದ ಜೊತೆಗೂ ಜಗಳ ಆಡಿರಲಿಲ್ಲ.

ಕಾವಲಿನವರನ್ನು ಕೇಳಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಸಕಲೇಶಪುರದ ಸ್ಟುಡಿಯೋದಲ್ಲಿ ಕಟ್ಟು ಹಾಕಿಸುವಾಗ, "ಕೈ ಬ್ಯಾಡ, ಮುಖ ಅಷ್ಟೇ ಇರ್ಲಿ," ಎಂದಳು ಚಂದ್ರಕ್ಕ. ಈಗ ಅದು ಅವಳ ನಡುಮನೆಯಲ್ಲಿದೆ. ದಿನಾ ಹೂ ಮುಡಿಸುತ್ತಾಳೆ. ಯಾರಾದರೂ ಕೇಳಿದರೆ "ನಮ್ಮವ್ವ" ಎನ್ನುತ್ತಾಳೆ. ಮೊದಲು ನನಗೆ ಮುಜುಗರವಾಗುತ್ತಿತ್ತು. ಈಗ ಆ ಮನೆಗೆ ಹೋದಾಗ ನಾನೂ ಕೈಮುಗಿಯುತ್ತೇನೆ.

ಈ ವರ್ಷ ವಿಜಯಪುರಕ್ಕೆ ವರ್ಗಾವಣೆ ಕೇಳಬಹುದಿತ್ತು. ಅರ್ಜಿ ತುಂಬಿದೆ, ಕೊಡಲಿಲ್ಲ. ಹಾಗೆಂದು ನಾನು ಇಲ್ಲಿಯವಳಾದೆನೆಂದು ಹೇಳಲಾರೆ. ಆಸ್ಪತ್ರೆಯಲ್ಲಿ ಇಂದಿಗೂ ನಾನು "ಬಿಜಾಪುರದ ಸಿಸ್ಟ್ರು". ಆಷಾಢದಲ್ಲಿ ನಮ್ಮ ಬಯಲಿನ ಬಿಸಿಲಿಗಾಗಿ ಮೈಯೆಲ್ಲ ಹಂಬಲಿಸುತ್ತದೆ.

ಕಳೆದ ಬೇಸಿಗೆಯಲ್ಲಿ ವಿಜಯಪುರದ ತಂಗಿಯ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ, "ನಮ್ಮೂರಲ್ಲಿ ಈಗ ಕಾಫಿ ಹೂ ಬಿಟ್ಟಿರ್ತದೆ," ಎಂದೆ.

ತಂಗಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಅಕ್ಕಾ, ಯಾವ್ದು ನಿಮ್ಮೂರು?"