ಅಪ್ಪಾಸಾಬರ ಹೆಸರಿನಲ್ಲಿ ದ್ರೌಪದಿಯ ಕೋಡು

ಬರೆದವಳು ದ್ರೌಪದಿ, ಹೆಸರು ಅಪ್ಪಾಸಾಬರದು. ಚಿಕ್ಕೋಡಿಯ ಆ ಕಾಲೇಜಿನಲ್ಲಿ ತೊಂಬತ್ತಾರರಿಂದ ಇದೇ ನಡೆದಿತ್ತು. ಇದಕ್ಕೆ ಶಿಸ್ತು ಎಂದು ಹೆಸರು ಬೇರೆ!

ಉಗಾರದ ಕಡೆಯಿಂದ ದಾನ ಬಂದ ಹಳೆಯ ಕಂಪ್ಯೂಟರುಗಳಿಗಾಗಿ ಕಾಲೇಜಿನವರು ತಮ್ಮದೇ ಸಣ್ಣ ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದರು. ಅದರ ಮುಕ್ಕಾಲು ಪಾಲು ಬರೆದವಳು ಅಲಖನೂರಿನ ದ್ರೌಪದಿ, ಅಲ್ಲಿಯ ಲೆಕ್ಚರರ್. ಕೋಡಿನಲ್ಲಿ ಯಾರು, ಯಾವಾಗ, ಯಾಕೆ ಏನು ಬದಲಿಸಿದರು ಎಂಬ ಇತಿಹಾಸವನ್ನು ಕೂಡಿಡುವ ಪ್ರೋಗ್ರಾಮನ್ನೂ ಅವಳೇ ಹಾಕಿದ್ದಳು. ಆದರೆ ವಿಭಾಗದ ಮುಖ್ಯಸ್ಥ ಅಪ್ಪಾಸಾಬರ ಕಟ್ಟಪ್ಪಣೆ: ಎಲ್ಲರೂ ಅಪ್ಪಾಸಾಬರ ಹೆಸರಿನಿಂದಲೇ ಲಾಗಿನ್ ಆಗಬೇಕು. ಹಾಗಾಗಿ ಇತಿಹಾಸದ ತುಂಬ ಅದೊಂದೇ ಹೆಸರು.

"ಲಗ್ನಪತ್ರಿಕಾ ಯಾರ ಹೆಸರಿಲೆ ಅಚ್ಚ ಹಾಕಸ್ತಾರವಾ? ಮನಿ ಹಿರ್ಯಾಂದು. ಇಲ್ಲಿ ಹಿರ್ಯಾ ನಾನ."

"ಹೌದ್ ಬಿಡ್ರಿ ಸರ, ಅಡಗಿ ಮಾಡಿದಾಕಿ ಹೆಸರ ಯಾರ ಹಾಕಸ್ತಾರ?" ಎಂದು ದ್ರೌಪದಿ ನಕ್ಕಳು.

ಒಂದು ಬೇಸಿಗೆ, ಪರೀಕ್ಷೆಯ ಅಂಕಗಳನ್ನು ಉಳಿಸುವಾಗಲೇ ಕರೆಂಟು ಹೋಯಿತು. ಹೊಸ ಫೈಲು ಪೂರ್ತಿಯಾಗುವ ಮೊದಲೇ ಹಳೆಯದು ಅಳಿದಿತ್ತು; ಅಂಕಗಳೆಲ್ಲ ಮಾಯ. ಆ ತಪ್ಪು ದ್ರೌಪದಿಯದೇ. ಅವಳು ಅಂದೇ ತಿದ್ದಿದಳು: ಮೊದಲು ಹೊಸದನ್ನು ಬರೆ, ಸರಿ ಇದೆಯೇ ನೋಡು, ಆಮೇಲೆ ಹಳೆಯದನ್ನು ಅಳಿಸು. ಇತಿಹಾಸದಲ್ಲಿ ಕಾರಣವನ್ನೂ ಬರೆದಿಟ್ಟಳು.

ಆಡಳಿತ ಮಂಡಳಿ ಕಣ್ಣು ಕೆಂಪಗೆ ಮಾಡಿತು. ಅಪ್ಪಾಸಾಬರು ಓಡಿ ಬಂದರು. "ಆ ತಪ್ಪ ಆಗೇತಲ್ಲ, ಅಲ್ಲಿ ಅಷ್ಟ ನಿನ್ನ ಹೆಸರ ಹಾಕ್ಕೋ."

"ಹಾಕ್ಕೋತೀನ್ರಿ, ತಪ್ಪ ನಂದ ಐತಿ. ಆದ್ರ ನಾ ಬರದದ್ದಕ್ಕೆಲ್ಲಾ ಹಾಕ್ಕೋತೀನಿ. ಕೆಟ್ಟದ್ದಷ್ಟ ನಂದು, ಉಳದದ್ದೆಲ್ಲಾ ನಿಮ್ದು ಅಂದ್ರ, ಇದ್ಯಾವ ಊರ ನ್ಯಾಯರಿ ಸರ?"

"ಭಾಳ ಮಾತಾಡಾಕತ್ತಿ."

ಆ ಮನುಷ್ಯ ಮಾಡಿದ್ದೇನು ಗೊತ್ತೆ? ಇತಿಹಾಸವನ್ನೇ ಅಳಿಸಿ ಹಾಕಿದ! ಕೋಡು ಉಳಿಯಿತು, ಅದರ ಕಾರಣಗಳು ಸತ್ತವು. ದಾಖಲೆ ಇಲ್ಲದಿದ್ದರೆ ತಪ್ಪಿತಸ್ಥರೂ ಇಲ್ಲ; ನಮ್ಮ ದೊಡ್ಡವರ ಮನೆ ಸ್ವಚ್ಛವಾಗುವುದೇ ಹೀಗೆ. ದ್ರೌಪದಿಯನ್ನು ಟೈಪಿಂಗ್ ಕಲಿಸಲು ಅಟ್ಟಿದರು.

ಅವಳ ಜಾಗಕ್ಕೆ ತವನಪ್ಪ ಎಂಬ ಹೊಸಬ ಬಂದ. ಡಿಸ್ಕು ತುಂಬುತ್ತಿತ್ತು. ಉಳಿಸುವಾಗ ಒಂದೇ ಫೈಲಿಗೆ ಎರಡು ಪ್ರತಿ ಯಾಕೆಂದು ಇತಿಹಾಸ ನೋಡಹೋದರೆ ಏನೂ ಇಲ್ಲ. ದಂಡವೆಂದು, ಮೊದಲೇ ಹಳೆಯದು ಅಳಿಯುವಂತೆ ಮಾಡಿಬಿಟ್ಟ. ಮರುವರ್ಷ ಮತ್ತೆ ಕರೆಂಟು ಹೋಯಿತು, ಮತ್ತೆ ಅಂಕಗಳು ಹೋದವು.

ಟೈಪಿಂಗ್ ಕೋಣೆಗೆ ತವನಪ್ಪ ಬಂದ. ಅವನ ಬೆನ್ನ ಹಿಂದೆ ಅಪ್ಪಾಸಾಬರು.

"ಅಕ್ಕಾರ, ಹಂಗ್ಯಾಕ ಬರದಿದ್ರಿ ಅಂತ ಎಲ್ಲೂ ಇಲ್ಲಲ್ರಿ."

"ಬರದಿಟ್ಟಿದ್ನೆಪಾ. ಅಳಿಸ್ಯಾರ."

"ಜರಾ ಮೊದಲಿನಂಗ ಮಾಡಿ ಕೊಡವಾ," ಎಂದರು ಅಪ್ಪಾಸಾಬರು, ನೆಲ ನೋಡುತ್ತ.

"ಮೊದ್ಲ ನನ್ನ ಹೆಸರಿಲೆ ಲಾಗಿನ್ ಮಾಡಿಕೊಡ್ರಿ."

ಬೇರೆ ದಾರಿಯಿರಲಿಲ್ಲ. ಅಪ್ಪಾಸಾಬರು ಒಂದೇ ಬೆರಳಿನಿಂದ ಅವಳ ಹೆಸರನ್ನು ಕುಟ್ಟಿದರು. ದ್ರೌಪದಿ ಇತಿಹಾಸದ ಪ್ರೋಗ್ರಾಮನ್ನು ಮತ್ತೆ ಹಾಕಿ, ಕೋಡು ಸರಿಪಡಿಸಿ, ಕಾರಣ ಬರೆದಳು: ಈ ತಪ್ಪನ್ನು ಮೊದಲು ಮಾಡಿದವಳು ನಾನು. ತಿದ್ದಿದವಳೂ ನಾನು. ಕಾರಣವನ್ನು ಅಳಿಸಿದವರು ಅಪ್ಪಾಸಾಬರು.

"ನನ್ನ ಹೆಸರ ಯಾಕವಾ ಇಲ್ಲಿ?"

"ಹಿರ್ಯಾರದ್ದ ಇರಬೇಕಲ್ರಿ ಸರ."