ಸತ್ವಾದ ದರ್ಜಿಯ ಮೊಣಕೈ

ಸೋರಿಯಾಸಿಸ್ ಬಗ್ಗೆ ವೈದ್ಯರಿಗೆ ಪಾಠ ಮಾಡಲೆಂದು ದುಬೈಗೆ ಬಂದವಳು ನಾನು. ಅಲ್ಲಿನ ಸತ್ವಾ ಬಡಾವಣೆಯ ಅಂಗಡಿಯೊಂದರಲ್ಲಿ ಕೋಟಿಗೆ ಗುಂಡಿ ಹಾಕಿಸುವಾಗ, ಉಳ್ಳಾಲದ ದರ್ಜಿ ಹಮೀದ್ ಅವರ ಮೊಣಕೈಯಲ್ಲಿ ಹೊಟ್ಟು ಉದುರುವ ಕಲೆ ಕಂಡೆ.

“ಗಜಕರ್ಣ ಅಂತ ಮೂರು ವರ್ಷದಿಂದ ಮುಲಾಮು ಹಚ್ತಾ ಇದ್ದೇನೆ ಡಾಕ್ಟ್ರೇ. ರೂಮಿನವರು ನನ್ನ ತಟ್ಟೆಯನ್ನೂ ಬೇರೆ ಇಟ್ಟಿದ್ದಾರೆ.”

ನಾನು ಕರೆದದ್ದಕ್ಕೆ ಮರುದಿನ ತರಗತಿಗೇ ಬಂದು, ಅಂಗಿಯ ತೋಳು ಮೇಲೇರಿಸಿ ನಿಂತರು. ಅದು ಸೋರಿಯಾಸಿಸ್; ಹೆಚ್ಚಿನ ವೈದ್ಯರೂ ಗಜಕರ್ಣವೆಂದೇ ಹೇಳಿದಾಗ ನನಗೆ ಆಶ್ಚರ್ಯ. ಅವರು ಓದಿದ ಪುಸ್ತಕಗಳಲ್ಲಿದ್ದದ್ದು ಬಿಳಿ ಚರ್ಮದ ಮೇಲಿನ ಕೆಂಪು ಕಲೆ. ನಮ್ಮ ಕಪ್ಪು ಚರ್ಮದಲ್ಲಿ ಅದು ನೇರಳೆ ಬೆರೆತ ಕಂದು. ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿದರು. ಇನ್ನು ಇವರು ಗುರುತಿಸುವುದರಲ್ಲಿ ತಪ್ಪುವುದಿಲ್ಲವೆಂದು ನನಗೆ ಖಾತ್ರಿಯಾಯಿತು.

“ಇದು ಅಂಟುತ್ತದಾ?” ಹಮೀದ್ ಕೇಳಿದರು.

“ಖಂಡಿತ ಇಲ್ಲ. ಒಳ್ಳೆ ಔಷಧಿಯೂ ಉಂಟು,” ಎಂದೆ.

“ಹಾಗಾದ್ರೆ ಬರೆದು ಕೊಡಿ. ರೂಮಿನ ಬಾಗಿಲಿಗೆ ಹಚ್ತೇನೆ.”

ಅವರ ರೂಮಿನವರಿಗೆಲ್ಲ ಓದಲು ಬರುವಂತೆ, ಒಂದೇ ಹಾಳೆಯಲ್ಲಿ ವೈದ್ಯರು ಮಲಯಾಳಂ, ಬಂಗಾಳಿ, ಉರ್ದುವಿನಲ್ಲಿ ‘ಇದು ಅಂಟುವುದಿಲ್ಲ’ ಎಂದು ಬರೆದು ಸಹಿ ಹಾಕಿದರು. ಹಮೀದ್ ಪೆನ್ನನ್ನು ನನ್ನ ಕೈಗೆ ಕೊಟ್ಟರು.

“ಕನ್ನಡದಲ್ಲೂ ಬರೀರಿ ಡಾಕ್ಟ್ರೇ. ಊರಲ್ಲಿ ಹೆಂಡತಿಗೆ ಫೋಟೊ ಕಳಿಸ್ಬೇಕು.”